ಬೌದ್ಧಿಕ ವಿಕಲತೆ: ಹರಕೆಯೊಂದಿಗೆ ಆರೈಕೆಯೂ ಇರಲಿ

ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯಲ್ಲಿ ಶ್ರೀ ದುರ್ಗಾಂಬಾ ದೇವಿಯ ಜಾತ್ರೆ ಬಂತೆಂದರೆ, ಬಯಲುಸೀಮೆಯ ಊರುಗಳಿಂದಲೂ ಮಲೆನಾಡಿನ ಅಂಚಿನಿಂದಲೂ ಸಿಂಗರಿಸಿದ ಎತ್ತಿನ ಗಾಡಿಗಳು ಹೊರಡುತ್ತವೆ. ಮಳೆಗಾಗಿ, ಬೆಳೆಗಾಗಿ, ಮನೆಮಂದಿಯ ಆರೋಗ್ಯಕ್ಕಾಗಿ ಜನ ಹರಕೆ ಹೊರುತ್ತಾರೆ. ಇಂಥ ಜಾತ್ರೆಗಳ ಜನಸಂದಣಿಯಲ್ಲಿ, ಎಂಟು ಹತ್ತು ವರ್ಷವಾದರೂ ಮಾತು ಬಾರದ ಮಗುವಿನ ಕೈಹಿಡಿದು ನಿಂತ ತಾಯಂದಿರನ್ನು ನಾವೆಲ್ಲ ಒಮ್ಮೆಯಾದರೂ ಕಂಡಿರುತ್ತೇವೆ. ಅವರ ಕಣ್ಣಿನಲ್ಲಿರುವ ಪ್ರಾರ್ಥನೆ ಯಾರಿಗೂ ಅರ್ಥವಾಗದಿರುವುದಿಲ್ಲ.

ಹರಕೆಯು ಹೆತ್ತವರಿಗೆ ಧೈರ್ಯ ಕೊಡುತ್ತದೆ. ಆ ಧೈರ್ಯವನ್ನು ಕಸಿದುಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಗುಡಿಯಿಂದ ಇನ್ನೊಂದು ಗುಡಿಗೆ, ಒಬ್ಬ ನಾಟಿವೈದ್ಯರಿಂದ ಇನ್ನೊಬ್ಬರಿಗೆ ಅಲೆಯುವುದರಲ್ಲಿಯೇ ಮಗುವಿನ ಮೊದಲ ಐದಾರು ವರ್ಷಗಳು ಕಳೆದುಹೋದರೆ ಆ ನಷ್ಟವನ್ನು ಮುಂದೆ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ. ಮಗುವಿನ ಮೆದುಳು ಅತ್ಯಂತ ವೇಗವಾಗಿ ಬೆಳೆಯುವುದು, ಕಲಿಸಿದ್ದನ್ನು ಅತ್ಯಂತ ಚೆನ್ನಾಗಿ ಹೀರಿಕೊಳ್ಳುವುದು ಆ ವರ್ಷಗಳಲ್ಲಿಯೇ. ಆದ್ದರಿಂದ ಈ ಮಕ್ಕಳ ಆರೋಗ್ಯ, ಕಲಿಕೆ ಮತ್ತು ಬದುಕಿನ ಕುರಿತು ಪ್ರತಿಯೊಬ್ಬ ಭಕ್ತರೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಬೌದ್ಧಿಕ ವಿಕಲತೆ ಎಂದರೇನು?

ಹಿಂದೆ ‘ಬುದ್ಧಿಮಾಂದ್ಯತೆ’ ಎಂದು ಕರೆಯುತ್ತಿದ್ದ ಸ್ಥಿತಿಯನ್ನು ಈಗ ‘ಬೌದ್ಧಿಕ ವಿಕಲತೆ’ ಎನ್ನುತ್ತಾರೆ. ಇದನ್ನು ನಿರ್ಧರಿಸಲು ಎರಡು ಅಂಶಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಮೊದಲನೆಯದು, ವಿಚಾರ ಮಾಡುವ, ಕಲಿಯುವ, ಸಮಸ್ಯೆ ಬಿಡಿಸುವ ಶಕ್ತಿಯಲ್ಲಿನ ಕೊರತೆ. ಎರಡನೆಯದು, ಊಟ, ಸ್ನಾನ, ಬಟ್ಟೆ, ಮಾತುಕತೆ, ಹಣದ ವ್ಯವಹಾರ ಮುಂತಾದ ದಿನನಿತ್ಯದ ಕೌಶಲಗಳಲ್ಲಿನ ಕೊರತೆ. ಇವೆರಡೂ ಬೆಳವಣಿಗೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡಿರಬೇಕು. ಪರೀಕ್ಷೆಯಲ್ಲಿ ಬುದ್ಧಿಸೂಚ್ಯಂಕವು ಸುಮಾರು 70ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ತೀರ್ಮಾನ ಮಾಡುವಂತಿಲ್ಲ. ಮಗು ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ತಜ್ಞರು ವಿಚಾರಿಸುತ್ತಾರೆ.

ಇದು ಮಾನಸಿಕ ಕಾಯಿಲೆಯಲ್ಲ. ಮಾನಸಿಕ ಕಾಯಿಲೆಯು ಚೆನ್ನಾಗಿ ಬೆಳೆದ ವ್ಯಕ್ತಿಗೂ ಯಾವ ವಯಸ್ಸಿನಲ್ಲಾದರೂ ಬರಬಹುದು. ಔಷಧೋಪಚಾರದಿಂದ ಬಹಳಷ್ಟು ಮಂದಿ ಸುಧಾರಿಸುತ್ತಾರೆ. ಬೌದ್ಧಿಕ ವಿಕಲತೆಯು ಬೆಳವಣಿಗೆಯಲ್ಲಿಯೇ ಆದ ಹಿನ್ನಡೆ. ಇದನ್ನು ಹೋಗಲಾಡಿಸುವ ಮಾತ್ರೆಯಾಗಲಿ, ಚುಚ್ಚುಮದ್ದಾಗಲಿ, ಲೇಹ್ಯವಾಗಲಿ ಇಲ್ಲ. ‘ಬುದ್ಧಿ ಬೆಳೆಸುವ’ ಔಷಧವೆಂದು ಮಾರುವವರಿಗೆ ಹಣ ಸುರಿಯುವ ಕುಟುಂಬಗಳು ಇದನ್ನು ಮನಗಾಣಬೇಕು. ಔಷಧದಿಂದ ಆಗದ ಕೆಲಸ ತರಬೇತಿಯಿಂದ ಬಹುಮಟ್ಟಿಗೆ ಆಗುತ್ತದೆ. ಈ ಸ್ಥಿತಿಯಲ್ಲಿರುವ ಬಹುಪಾಲು ಮಕ್ಕಳದು ಸೌಮ್ಯ ಸ್ವರೂಪದ ಕೊರತೆ. ಅವರು ತಡವಾಗಿಯಾದರೂ ಓದು ಬರಹ ಕಲಿತು, ದೊಡ್ಡವರಾದ ಮೇಲೆ ದುಡಿದು ಬದುಕಬಲ್ಲರು. ತೀವ್ರ ಸ್ವರೂಪದ ಕೊರತೆ ಇರುವವರಿಗೆ ಮಾತ್ರ ಜೀವನಪೂರ್ತಿ ಹೆಚ್ಚಿನ ಆಸರೆ ಬೇಕಾಗುತ್ತದೆ.

2011ರ ಜನಗಣತಿಯಲ್ಲಿ ನಮ್ಮ ದೇಶದ ಸುಮಾರು 15 ಲಕ್ಷ ಜನರನ್ನು ಈ ವರ್ಗದಲ್ಲಿ ಲೆಕ್ಕಹಾಕಲಾಗಿದೆ. ಹೇಳಿಕೊಳ್ಳಲು ಸಂಕೋಚಪಡುವ ಮನೆಗಳೂ, ಗುರುತಿಸಲ್ಪಡದ ಸೌಮ್ಯ ಸ್ವರೂಪದ ಮಕ್ಕಳೂ ಎಷ್ಟೋ ಇರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂದೇ ಭಾವಿಸಬೇಕು.

ಕಾರಣಗಳು: ಶಾಪವೂ ಅಲ್ಲ, ತಾಯಿಯ ತಪ್ಪೂ ಅಲ್ಲ

ಇಂಥ ಮಗು ಹುಟ್ಟಿದಾಗ ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳು, ಏನನ್ನೋ ತಿಂದಳು, ಹಿಂದಿನ ಜನ್ಮದ ಕರ್ಮ ಎಂದೆಲ್ಲ ಮಾತು ಹುಟ್ಟುತ್ತದೆ. ವೈದ್ಯಶಾಸ್ತ್ರ ಗುರುತಿಸಿರುವ ಕಾರಣಗಳೇ ಬೇರೆ.

ಕೆಲವು ಕಾರಣಗಳು ಗರ್ಭ ಕಟ್ಟುವಾಗಲೇ ಇರುತ್ತವೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರಬೇಕು. 21ನೆಯ ಜೋಡಿಯಲ್ಲಿ ಒಂದು ಹೆಚ್ಚಾಗಿ 47 ಆದಾಗ ‘ಡೌನ್ ಸಿಂಡ್ರೋಮ್’ ಉಂಟಾಗುತ್ತದೆ. ಇದನ್ನು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡುಹಿಡಿದರು. ತಾಯಿಯ ವಯಸ್ಸು 35 ದಾಟಿದ ಮೇಲೆ ಇದರ ಸಾಧ್ಯತೆ ಹೆಚ್ಚುತ್ತದೆ. ಆದರೂ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಗರ್ಭಿಣಿಗೆ ರುಬೆಲ್ಲಾ ಸೋಂಕು ತಗಲುವುದು, ಮದ್ಯಪಾನ, ತೀವ್ರ ಅಪೌಷ್ಟಿಕತೆ ಮುಂತಾದವು ಗರ್ಭದಲ್ಲಿರುವ ಶಿಶುವಿನ ಮೆದುಳಿಗೆ ಹಾನಿ ಮಾಡುತ್ತವೆ. ಹೆರಿಗೆಯ ಹೊತ್ತಿನಲ್ಲಿ ಶಿಶುವಿಗೆ ಉಸಿರು ಕಟ್ಟುವುದು, ದಿನ ತುಂಬುವ ಮುನ್ನವೇ ಬಹಳ ಕಡಿಮೆ ತೂಕದಲ್ಲಿ ಹುಟ್ಟುವುದು, ಹುಟ್ಟಿದ ಮೇಲೆ ಕಾಮಾಲೆ ವಿಪರೀತಕ್ಕೆ ಹೋಗುವುದು, ಮುಂದೆ ಮೆದುಳುಜ್ವರ ಬರುವುದು ಅಥವಾ ತಲೆಗೆ ಬಲವಾದ ಪೆಟ್ಟಾಗುವುದು ಕೂಡ ಕಾರಣಗಳೇ. ಅನೇಕ ಸಲ ಎಲ್ಲ ಪರೀಕ್ಷೆಗಳನ್ನು ಮಾಡಿದರೂ ಕಾರಣ ತಿಳಿಯುವುದಿಲ್ಲ.

ತಡೆಯಬಹುದಾದ ಕಾರಣಗಳಲ್ಲಿ ಮೂರನ್ನು ಒತ್ತಿ ಹೇಳಬೇಕು.

ಮೊದಲನೆಯದು ಅಯೋಡಿನ್ ಕೊರತೆ. ಮಲೆನಾಡಿನ ಜಿಲ್ಲೆಗಳಲ್ಲಿ ಗಳಗಂಡ ಕಾಯಿಲೆ ಹಿಂದಿನಿಂದಲೂ ಕಂಡುಬಂದಿದೆ. ಕುತ್ತಿಗೆಯ ಬಾವಿನಷ್ಟಕ್ಕೇ ಈ ಕೊರತೆ ನಿಲ್ಲುವುದಿಲ್ಲ. ಗರ್ಭಿಣಿಗೆ ಅಯೋಡಿನ್ ಸಾಲದಿದ್ದರೆ ಹುಟ್ಟುವ ಮಗುವಿನ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಭಾರತ ಸರ್ಕಾರವು 1962ರಲ್ಲಿಯೇ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅಯೋಡಿನ್ ಬೆರೆಸಿದ ಉಪ್ಪನ್ನು ಬಳಸುವುದು, ಅದನ್ನು ಮುಚ್ಚಿದ ಡಬ್ಬಿಯಲ್ಲಿಡುವುದು ಎಲ್ಲರಿಂದಲೂ ಆಗುವ ಕೆಲಸ. ಬಿಡಿಯಾಗಿ ಮಾರುವ ಕಲ್ಲುಪ್ಪಿನಲ್ಲಿ ಎಷ್ಟೋ ಸಲ ಅಯೋಡಿನ್ ಇರುವುದಿಲ್ಲ ಎಂಬುದು ನೆನಪಿರಲಿ.

ಎರಡನೆಯದು ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡದಿರುವುದು. ಇಂಥ ಶಿಶು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಇದು ತಿಳಿಯುತ್ತದೆ. ಮೊದಲ ಕೆಲವು ವಾರಗಳೊಳಗೆ ಮಾತ್ರೆ ಆರಂಭಿಸಿದರೆ ಮಗು ಇತರರಂತೆಯೇ ಬೆಳೆಯುತ್ತದೆ; ತಡವಾದರೆ ಆದ ಹಾನಿಯನ್ನು ಸರಿಪಡಿಸಲಾಗದು. ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಪರೀಕ್ಷೆಯ ಬಗ್ಗೆ ಕೇಳುವುದನ್ನು ಯಾರೂ ಮರೆಯಬಾರದು.

ಮೂರನೆಯದು ನಮ್ಮ ಮನೆಗಳಿಗೇ ಸಂಬಂಧಿಸಿದ್ದು: ರಕ್ತಸಂಬಂಧದಲ್ಲಿ ಮದುವೆ. ಸಂಬಂಧ ಕೂಡಿಸುವಾಗ ಬೆಡಗು ವಿಚಾರಿಸುತ್ತೇವೆ, ಮನೆತನ ವಿಚಾರಿಸುತ್ತೇವೆ. ಆದರೆ ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತಂದುಕೊಳ್ಳುವಾಗ ಹಿಂದೆಮುಂದೆ ನೋಡುವುದಿಲ್ಲ. ಆಸ್ತಿ ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗೇ ಇರಲಿ ಎಂಬುದು ಇದರ ಹಿಂದಿನ ಆಸೆ. ಪ್ರತಿಯೊಬ್ಬರಲ್ಲಿಯೂ ಒಂದೆರಡು ದೋಷಯುಕ್ತ ವಂಶವಾಹಿಗಳು ಅಡಗಿರುತ್ತವೆ. ಗಂಡ ಹೆಂಡತಿ ಒಂದೇ ರಕ್ತದವರಾದರೆ ಇಬ್ಬರಲ್ಲಿಯೂ ಅದೇ ದೋಷ ಇರುವ, ಅದು ಮಗುವಿನಲ್ಲಿ ಒಟ್ಟಾಗಿ ಪ್ರಕಟವಾಗುವ ಸಾಧ್ಯತೆ ಹೆಚ್ಚು. ಸಾಮಾನ್ಯ ದಂಪತಿಗಳಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಬರುವ ದೋಷಗಳಿದ್ದರೆ, ಸೋದರಸಂಬಂಧದ ಮದುವೆಗಳಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಹಾಗೆ ಮದುವೆಯಾದ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆಂಬುದೂ ನಿಜ. ಆದ್ದರಿಂದ ಈಗಾಗಲೇ ಮದುವೆಯಾದವರನ್ನು ನಿಂದಿಸುವುದು ಸಲ್ಲದು. ಆದರೆ ಒಂದು ಮನೆಯಲ್ಲಿ ಈಗಾಗಲೇ ಇಂಥ ಮಗುವಿದ್ದು, ಅದೇ ಕುಟುಂಬದಲ್ಲಿ ಮತ್ತೊಂದು ಒಳಸಂಬಂಧ ಮಾಡುವುದೆಂದರೆ ಗೊತ್ತಿದ್ದೂ ಅಪಾಯವನ್ನು ಆಹ್ವಾನಿಸಿದಂತೆ.

ಗುರುತಿಸುವುದು ಹೇಗೆ?

ಎರಡು ತಿಂಗಳಿಗೆ ತಾಯಿಯ ಮುಖ ನೋಡಿ ನಗುವುದು, ನಾಲ್ಕು ಐದು ತಿಂಗಳಿಗೆ ಕತ್ತು ನಿಲ್ಲುವುದು, ಒಂಬತ್ತು ತಿಂಗಳೊಳಗೆ ಆಸರೆಯಿಲ್ಲದೆ ಕೂರುವುದು, ಒಂದೂವರೆ ವರ್ಷದೊಳಗೆ ನಡೆಯುವುದು ಮತ್ತು ಕೆಲವು ಬಿಡಿ ಮಾತುಗಳನ್ನಾಡುವುದು, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸುವುದು ಸಾಮಾನ್ಯ ಬೆಳವಣಿಗೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ತಡವಾದರೆ, ಹೆಸರು ಕರೆದರೆ ಮಗು ತಿರುಗದಿದ್ದರೆ, ಬಂದ ಮಾತು ಮರೆತುಹೋದರೆ ಕಾಯದೆ ಮಕ್ಕಳ ತಜ್ಞರಿಗೆ ತೋರಿಸಬೇಕು. ‘ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದು ಪ್ರೀತಿಯಿಂದಲೇ. ಆದರೆ ಆ ಸಮಾಧಾನದಲ್ಲಿ ವರ್ಷಗಳು ಸರಿದುಹೋಗುತ್ತವೆ. ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ತಿಳಿದರೆ ನಷ್ಟವೇನೂ ಇಲ್ಲ. ಕೆಲವು ಸಲ ಮಾತು ಬಾರದಿರಲು ಕಿವಿ ಕೇಳಿಸದಿರುವುದೇ ಕಾರಣವಾಗಿರುತ್ತದೆ. ಅಂಥ ಮಗುವನ್ನು ದಡ್ಡನೆಂದು ಕೈಬಿಡುವುದು ಘೋರ ಅನ್ಯಾಯ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ವೈದ್ಯರ ತಂಡವು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತಂಡ ಬರುವ ದಿನ ಇಂಥ ಮಗುವನ್ನು ಮನೆಯಲ್ಲಿ ಬಚ್ಚಿಡದೆ ಕರೆದೊಯ್ಯಬೇಕು. ಹೆಚ್ಚಿನ ಪರೀಕ್ಷೆಗೆ ನಮ್ಮ ಭಾಗದವರಿಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಳು ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೇಶಕ್ಕೇ ಹೆಸರಾದದ್ದು.

ದೇಹಾರೋಗ್ಯದ ಕಾಳಜಿ

ಬೌದ್ಧಿಕ ವಿಕಲತೆಗೆ ಔಷಧವಿಲ್ಲವೆಂದ ಮಾತ್ರಕ್ಕೆ ಈ ಮಕ್ಕಳಿಗೆ ವೈದ್ಯರ ಅಗತ್ಯವಿಲ್ಲವೆಂದಲ್ಲ. ಅವರಿಗೆ ಇತರರಿಗಿಂತ ಹೆಚ್ಚು ಅಗತ್ಯವಿದೆ. ಮೂರ್ಛೆರೋಗ ಇವರಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಅದಕ್ಕೆ ಒಳ್ಳೆಯ ಮಾತ್ರೆಗಳಿವೆ. ಫಿಟ್ಸ್ ನಿಂತಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಪ್ರಾಣಾಪಾಯವಾಗಬಹುದು. ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ನೀರು ಹಾಕುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಕೈಗೆ ಕಬ್ಬಿಣ ಕೊಟ್ಟು ಕಾಯುವುದು ಸಲ್ಲದು. ಐದು ನಿಮಿಷವಾದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಥೈರಾಯ್ಡ್, ಕಿವಿ, ಕಣ್ಣಿನ ತೊಂದರೆಗಳೂ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಪೂರ್ಣ ತಪಾಸಣೆ ಬೇಕು.

ಇನ್ನೊಂದು ಮುಖ್ಯ ಮಾತು. ತನಗೆ ನೋವಾಗುತ್ತಿದೆಯೆಂದು ಹೇಳಲು ಬಾರದವರು ಅದನ್ನು ನಡವಳಿಕೆಯಿಂದ ಹೇಳುತ್ತಾರೆ. ಶಾಂತವಾಗಿದ್ದ ಹುಡುಗ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ, ಊಟ ಬಿಟ್ಟರೆ, ಕಿರುಚಿದರೆ ಅದು ಹಟವಾಗಲಿ ದೆವ್ವದ ಕಾಟವಾಗಲಿ ಆಗಿರಬೇಕಾಗಿಲ್ಲ. ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ, ಹೊಟ್ಟೆನೋವು ಇವುಗಳಲ್ಲಿ ಯಾವುದಾದರೂ ಇರಬಹುದು. ಹೊಡೆಯುವ, ಕಟ್ಟಿಹಾಕುವ ಮುನ್ನ ಬಾಯಿ ತೆರೆಸಿ ನೋಡಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಲಿಕೆ: ಒಂದು ಗುಂಡಿಯಿಂದ ಆರಂಭ

‘ಇವನಿಗೆ ಕಲಿಸಿ ಏನು ಪ್ರಯೋಜನ?’ ಎಂಬ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಟ್ಟಿದೆ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೋರಿಯವರು ಮೊದಲು ಪಾಠ ಹೇಳಿದ್ದು ಬುದ್ಧಿಮಾಂದ್ಯರೆನಿಸಿದ್ದ ಮಕ್ಕಳಿಗೆ. ಕೈಯಿಂದ ಮುಟ್ಟಿ, ಜೋಡಿಸಿ, ಮಾಡಿ ಕಲಿಯುವ ವಿಧಾನದಿಂದ ಆ ಮಕ್ಕಳು ಮುಂದುವರಿದದ್ದನ್ನು ಕಂಡ ಅವರು, 1907ರಲ್ಲಿ ರೋಮ್ ನಗರದಲ್ಲಿ ಅದೇ ವಿಧಾನವನ್ನು ಸಾಮಾನ್ಯ ಮಕ್ಕಳಿಗೂ ಅಳವಡಿಸಿದರು. 1939ರಲ್ಲಿ ಅವರು ಭಾರತಕ್ಕೂ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು. ಇಂದು ಪಟ್ಟಣಗಳಲ್ಲಿ ಹೆಚ್ಚು ಶುಲ್ಕ ಕೊಟ್ಟು ಸೇರಿಸುವ ಮಾಂಟೆಸ್ಸೋರಿ ಶಾಲೆಗಳ ಬೇರು, ಯಾರೂ ಕಲಿಯಲಾರರೆಂದು ಬಿಟ್ಟಿದ್ದ ಮಕ್ಕಳ ಕಲಿಕೆಯಲ್ಲಿದೆ.

ಮನೆಯಲ್ಲಿ ಕಲಿಸುವ ವಿಧಾನ ಸರಳವಾದುದು. ಯಾವುದೇ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯಬೇಕು. ಅಂಗಿ ತೊಡಿಸುವಾಗ ತಾಯಿ ಎಲ್ಲವನ್ನೂ ಮಾಡಿ, ಕೊನೆಯ ಒಂದು ಗುಂಡಿಯನ್ನು ಅರ್ಧ ತೂರಿಸಿ ಮಗುವಿಗೆ ಬಿಡಬೇಕು. ಮಗು ಅದನ್ನು ಎಳೆದಾಗ ‘ಭೇಷ್, ಅಂಗಿ ಹಾಕಿಕೊಂಡೆ!’ ಎಂದು ಮೆಚ್ಚಬೇಕು. ಅದು ಕೈಗೂಡಿದ ಮೇಲೆ ಇಡೀ ಗುಂಡಿ, ಅನಂತರ ಎರಡು ಗುಂಡಿ. ಹೀಗೆ ಹಿಂದಿನಿಂದ ಮುಂದಕ್ಕೆ ಹೋಗುವುದರಿಂದ ಮಗುವಿಗೆ ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ, ಪ್ರತಿದಿನ ಅದೇ ಹೊತ್ತು, ಅದೇ ಕ್ರಮ, ಇದೇ ಸೂತ್ರ. ಬೆಳಗಿನ ಪೂಜೆಗೆ ಹೂವು ಬಿಡಿಸಿ ತರುವುದು, ವಿಭೂತಿಯ ತಟ್ಟೆ ಇಡುವುದು, ಪ್ರಸಾದಕ್ಕೆ ಎಲೆ ಹಾಕುವುದು ಇಂಥ ನಿತ್ಯದ ಕೆಲಸಗಳಿಗಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಮಗು ನಿಧಾನವೆಂದು ಎಲ್ಲವನ್ನೂ ತಾವೇ ಮಾಡಿಬಿಡುವ ತಂದೆತಾಯಿ ತಿಳಿಯದೆಯೇ ಅದರ ಕಲಿಕೆಯನ್ನು ತಡೆಯುತ್ತಾರೆ.

ಶಾಲೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಶೇ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸೌಮ್ಯ ಸ್ವರೂಪದ ಮಕ್ಕಳು ಊರಿನ ಶಾಲೆಯಲ್ಲಿಯೇ ಇತರ ಮಕ್ಕಳೊಂದಿಗೆ ಕಲಿಯುವುದು ಉತ್ತಮ. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಂಪನ್ಮೂಲ ಶಿಕ್ಷಕರ ನೆರವು, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆ ಇದೆ. ಆದರೂ ಗ್ರಾಮೀಣ ಭಾಗದಲ್ಲಿ ವಿಶೇಷ ಶಾಲೆಗಳು ದೂರ, ತರಬೇತಿ ಪಡೆದ ಶಿಕ್ಷಕರು ವಿರಳ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ಮನೆಯ ಜಗಲಿಯಲ್ಲಿಯೇ ಉಳಿಯುವ ಸ್ಥಿತಿ ಅನೇಕ ಊರುಗಳಲ್ಲಿದೆ. ಅದನ್ನು ಕೇಳಬೇಕಾದವರು ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಾವೇ.

ಸಮಾಜದ ಸವಾಲುಗಳು

ಈ ಮಕ್ಕಳಿಗೆ ಊರು ಇಟ್ಟಿರುವ ಹೆಸರುಗಳು ‘ಪೆದ್ದ’, ‘ಹುಚ್ಚಿ’, ‘ಅರೆಮರುಳ’. ನಗುವಿಗಾಗಿ ಆಡುವ ಈ ಮಾತುಗಳು ಹೆತ್ತವರ ಎದೆಗೆ ನಾಟುತ್ತವೆ. ಎಷ್ಟೋ ತಾಯಂದಿರು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ವಿಕಲಚೇತನರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸುವುದು 2016ರ ಅಧಿನಿಯಮದಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆಯಾಗಬಲ್ಲ ಅಪರಾಧ. ಕಾನೂನಿನ ಭಯಕ್ಕಿಂತ ನಮ್ಮ ಸಂಸ್ಕಾರವೇ ಆ ನಾಲಿಗೆಯನ್ನು ತಡೆಯಬೇಕು.

‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬುದು ಇನ್ನೊಂದು ಅಪಾಯಕಾರಿ ನಂಬಿಕೆ. ಸ್ಥಿತಿಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಎರಡು ಜೀವಗಳಿಗೆ ಅನ್ಯಾಯವಾಗುತ್ತದೆ. ಗಂಡಿಗೆ ಆರೈಕೆ ಮಾಡಲೆಂದು ಬಡವರ ಮನೆಯ ಹೆಣ್ಣನ್ನು ತರುವುದಂತೂ ಪಾಪದ ಕೆಲಸ.

ಹೆಣ್ಣುಮಕ್ಕಳ ರಕ್ಷಣೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಇಂಥ ಹುಡುಗಿಯರ ಮೇಲೆ ದೌರ್ಜನ್ಯ ಎಸಗುವವರು ಬಹುತೇಕ ಪರಿಚಿತರೇ ಆಗಿರುತ್ತಾರೆ. ಆಕೆ ಹೇಳಲಾರಳು, ಹೇಳಿದರೂ ಯಾರೂ ನಂಬಲಾರರು ಎಂಬುದೇ ಅವರ ಧೈರ್ಯ. ಯಾರು ಎಲ್ಲಿ ಮುಟ್ಟಬಾರದು ಎಂಬುದನ್ನು ಗೊಂಬೆ, ಚಿತ್ರಗಳ ಮೂಲಕ ಪದೇ ಪದೇ ಕಲಿಸಬೇಕು. ಮುಟ್ಟಿನ ಶುಚಿತ್ವವನ್ನೂ ಹಂತಹಂತವಾಗಿ ಕಲಿಸಿದರೆ ಹೆಚ್ಚಿನವರು ಕಲಿಯುತ್ತಾರೆ. ಆ ತೊಂದರೆ ತಪ್ಪಿಸಲೆಂದು ಗರ್ಭಕೋಶವನ್ನೇ ತೆಗೆಸುವುದು ಸರಿಯಾದ ದಾರಿಯಲ್ಲ. 1994ರಲ್ಲಿ ಪುಣೆಯಲ್ಲಿ ಸರ್ಕಾರಿ ಆಶ್ರಯದಲ್ಲಿದ್ದ ಹೆಣ್ಣುಮಕ್ಕಳಿಗೆ ಹೀಗೆ ಶಸ್ತ್ರಚಿಕಿತ್ಸೆ ಮಾಡಿದಾಗ ದೇಶದಾದ್ಯಂತ ಆಕ್ಷೇಪ ಎದ್ದಿತ್ತು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲಬಹುದು, ದೌರ್ಜನ್ಯ ನಿಲ್ಲುವುದಿಲ್ಲ.

ನಮ್ಮ ನಂತರ ಯಾರು?

ಹೆತ್ತವರನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಇದು. ಇದಕ್ಕೆ ಪೂರ್ಣ ಉತ್ತರ ಯಾರಲ್ಲಿಯೂ ಇಲ್ಲ. ಆದರೆ ಇಂದೇ ಮಾಡಿಡಬಹುದಾದ ಕೆಲವು ಕೆಲಸಗಳಿವೆ.

ಮೊದಲು ವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಗುರುತಿನ ಚೀಟಿ ಮಾಡಿಸಬೇಕು. ಮಾಸಾಶನ, ಬಸ್ ಪಾಸು, ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳಿಗೆ ಅದೇ ಆಧಾರ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಇರುವ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚಕ್ಕೆ ಅವಕಾಶವಿದೆ.

ಮಗುವಿಗೆ 18 ವರ್ಷ ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲವೆಂಬುದು ಬಹುಮಂದಿಗೆ ತಿಳಿದಿಲ್ಲ. ಅಗತ್ಯವಿರುವವರು ಅದೇ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪೋಷಕತ್ವವನ್ನು ಪಡೆಯಬಹುದು. ಜಮೀನು ಪಾಲಾಗುವ ಮನೆಗಳಲ್ಲಿ ಇಂಥವರ ಹೆಬ್ಬೆಟ್ಟು ಒತ್ತಿಸಿ ಪಾಲನ್ನು ಕಬಳಿಸುವುದುಂಟು. ಆದ್ದರಿಂದ ತಂದೆತಾಯಿ ಬದುಕಿರುವಾಗಲೇ ಉಯಿಲು ಬರೆದು, ಪೋಷಕರು ಯಾರೆಂಬುದನ್ನು ಒಡಹುಟ್ಟಿದವರ ಎದುರಿನಲ್ಲಿಯೇ ಇತ್ಯರ್ಥಪಡಿಸುವುದು ಕ್ಷೇಮ.

ಎಲ್ಲಕ್ಕಿಂತ ದೊಡ್ಡ ಆಸ್ತಿ ಕಾಯಕ. ನಮ್ಮ ಸೀಮೆಯಲ್ಲಿ ಅಡಿಕೆ ಆರಿಸುವುದು, ಈರುಳ್ಳಿ ವಿಂಗಡಿಸುವುದು, ದನಕರುಗಳಿಗೆ ಮೇವು ನೀರು ಇಡುವುದು, ಹೂವು ಕಟ್ಟುವುದು, ಸಸಿಗಳಿಗೆ ನೀರುಣಿಸುವುದು ಇಂಥ ಕೆಲಸಗಳಿಗೆ ಕೊರತೆಯಿಲ್ಲ. ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಮಾಡುವ ಕೆಲಸವನ್ನು ಇವರಲ್ಲಿ ಅನೇಕರು ಬೇಸರವಿಲ್ಲದೆ ಅಚ್ಚುಕಟ್ಟಾಗಿ ಮಾಡುತ್ತಾರೆ. ಆದರೆ ಊಟ ಹಾಕಿ ದುಡಿಸಿಕೊಳ್ಳುವುದು ಶೋಷಣೆ. ದುಡಿದದ್ದಕ್ಕೆ ಕೂಲಿ ಅವರ ಹೆಸರಿನ ಖಾತೆಗೇ ಸೇರಬೇಕು.

ಭಕ್ತರಲ್ಲಿ ಒಂದು ವಿನಂತಿ

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಪರಂಪರೆ ನಮ್ಮದು. ಆ ನಂಬಿಕೆಗೆ ಪರೀಕ್ಷೆಯಾಗುವುದು ನಿಧಾನವಾಗಿ ಕಲಿಯುವವರ ಎದುರಿನಲ್ಲಿ. ಪ್ರತಿಯೊಬ್ಬ ಭಕ್ತರೂ ತಮ್ಮ ಊರಿನಲ್ಲಿ ಇಂಥ ಮಗುವಿರುವ ಒಂದು ಮನೆಗೆ ಹೋಗಿಬರಲಿ. ವಾರದಲ್ಲಿ ಎರಡು ತಾಸು ಆ ಮಗುವನ್ನು ನೋಡಿಕೊಂಡು, ತಾಯಿಗೆ ಬಿಡುವು ಕೊಟ್ಟರೆ ಅದೂ ದಾಸೋಹವೇ. ಆಸ್ಪತ್ರೆಗೆ ಹೋಗಲು ಜೊತೆ ಬೇಕಾದವರಿಗೆ ಜೊತೆಯಾಗಿ, ಅರ್ಜಿ ಬರೆಯಲಾರದವರಿಗೆ ಬರೆದುಕೊಟ್ಟು ನೆರವಾಗಬಹುದು. ಮನೆಯ ಶುಭಕಾರ್ಯಗಳಿಗೆ ಕರೆಯುವಾಗ ‘ಮಗುವನ್ನೂ ಕರೆದುಕೊಂಡು ಬನ್ನಿ’ ಎಂಬ ಒಂದು ಮಾತನ್ನು ಸೇರಿಸಬಹುದು.

ಮುಂದಿನ ಜಾತ್ರೆಯಲ್ಲಿ ಅಂಥ ತಾಯಿ ಮಗುವಿನ ಕೈಹಿಡಿದು ಸರದಿಯಲ್ಲಿ ನಿಂತಿರುವುದನ್ನು ಕಂಡರೆ ದುರುಗುಟ್ಟಿ ನೋಡದೆ, ಕನಿಕರದ ಮಾತಾಡಿ ಮುಂದೆ ಸಾಗದೆ, ಹತ್ತಿರ ಹೋಗಿ ಮಗುವಿನ ಹೆಸರು ಕೇಳೋಣ. ಪರೀಕ್ಷೆ ಮಾಡಿಸಿದ್ದೀರಾ, ಶಾಲೆಗೆ ಹೋಗುತ್ತಿದೆಯೇ ಎಂದು ವಿಚಾರಿಸೋಣ. ಹರಕೆ ಹೊತ್ತ ಆ ತಾಯಿಗೆ ದಾರಿ ತೋರುವವರು ನಾವೇ ಆಗಬಹುದು.